ಮೂರೇ ಕಾಲು

ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನನಗೆ ಮದುವೆಯಲ್ಲಿ ಬಳುವಳಿಯಾಗಿ ಬಂದದ್ದು. ತವರಿನಿಂದಲ್ಲ, ಗಂಡನಿಂದ. ಸೀರೆಯ ಬಣ್ಣದಿಂದ ಹಿಡಿದು ಮಗನನ್ನು ಯಾವ ಶಾಲೆಗೆ ಸೇರಿಸಬೇಕು ಎನ್ನುವವರೆಗೆ ನಾನು ಒಂದು ಮಾತು ಹೇಳಿ ಅದಕ್ಕೇ ನಿಂತೆನೆಂದರೆ ಸಾಕು, ನಮ್ಮವರು ಪೇಪರಿನ ಮರೆಯಿಂದಲೇ, "ಆಯ್ತು ಮಾರಾಯ್ತಿ, ನಿನ್ನ ಮೊಲಕ್ಕೆ ಮೂರೇ ಕಾಲು" ಎಂದುಬಿಡುತ್ತಿದ್ದರು. ಮೂವತ್ತು ವರ್ಷ ಕೇಳಿದ ಈ ಮಾತನ್ನು ಅವರು ಈಗ ಆಡುವುದಿಲ್ಲ. ಆಡಿದರೆ ಮನೆಯಲ್ಲಿ ಒಬ್ಬನಿಗೆ ಬೇಸರವಾದೀತು ಎಂಬ ಸಂಕೋಚ. ಅವನಿಗೆ ಅಂಥದ್ದೇನೂ ಇಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳರು. ಆ ಒಬ್ಬ ನಮ್ಮ ಕೆಂಚ. ಅವನಿಗೆ ನಿಜಕ್ಕೂ ಮೂರೇ ಕಾಲು.

ಕೆಂಚ ಜಾತಿ ನಾಯಿಯಲ್ಲ. ಸಾಗರದ ಸಂತೆಯ ದಿನ ಯಾರದೋ ತರಕಾರಿ ಬುಟ್ಟಿಯ ಹಿಂದೆ ಕೂತು ಕುಂಯ್‌ಗುಡುತ್ತಿದ್ದ ಮರಿಯನ್ನು ನಮ್ಮ ಮಗ ಜೋಳಿಗೆಯಲ್ಲಿ ಹಾಕಿಕೊಂಡು ತಂದ. ತಂದವನು ಬೆಂಗಳೂರಿಗೆ ಕೆಲಸಕ್ಕೆ ಹೋದ. ಮರಿ ನಮ್ಮ ಪಾಲಿಗೆ ಉಳಿಯಿತು. ಊರಂಚಿನ ಮನೆ, ಹಿಂದೆ ಒಂದು ತುಂಡು ಅಡಿಕೆ ತೋಟ, ಅದರಾಚೆ ಕಾಡು. ಮಂಗ ಓಡಿಸಲು ಒಂದು ನಾಯಿ ಇರಲಿ ಎಂದು ಅತ್ತೆಯೂ ಒಪ್ಪಿದರು. ಆದರೆ ಒಳಗೆ ಬರಕೂಡದು. ಈ ಕರಾರು ನಾಲ್ಕು ವರ್ಷ ನಡೆಯಿತು.

2022ರ ಆಗಸ್ಟಿನಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದ ವಾರದಲ್ಲಿ, ಕೆಂಚ ಕಾಣೆಯಾದ. ಒಂದು ದಿನ, ಎರಡು ದಿನ. ಚಿರತೆ ಹಿಡಿದಿರಬೇಕು ಎಂದು ಅಕ್ಕಪಕ್ಕದವರು ತೀರ್ಮಾನಿಸಿದರು. ನಾಲ್ಕನೆಯ ದಿನ ಬೆಳಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಬಚ್ಚಲೊಲೆಯ ಪಕ್ಕದಲ್ಲಿ ಕೆಸರಿನ ಮುದ್ದೆಯೊಂದು ಮಲಗಿತ್ತು. ಎಡ ಮುಂಗಾಲಿನ ಗಂಟಿನ ಮೇಲೆ ಬೈಕಿನ ಕ್ಲಚ್ ವೈರು ಬಿಗಿದು, ಮಾಂಸದೊಳಗೆ ಹೂತುಹೋಗಿತ್ತು. ವೈರಿನ ಇನ್ನೊಂದು ತುದಿಯಲ್ಲಿ ಮುರಿದ ಗೂಟ. ಗೂಟ ಸಮೇತ ಎಳೆದುಕೊಂಡು ಎಷ್ಟು ದೂರದಿಂದ ಬಂದಿದ್ದನೋ!

ಅದು ಹಂದಿಗೆ ಹಾಕಿದ ಉರುಳು. ಮಲೆನಾಡಿನಲ್ಲಿ ಇದು ಹೊಸದಲ್ಲ. ಗದ್ದೆಗೆ ನುಗ್ಗುವ ಕಾಡುಹಂದಿಯ ನೆಪದಲ್ಲಿ ಬೇಲಿಯ ಕಂಡಿಗಳಲ್ಲಿ ವೈರಿನ ಕುಣಿಕೆ ಒಡ್ಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಿನಿಂದ ಇದು ಅಪರಾಧ. ಆದರೆ ಕುಣಿಕೆಗೆ ಕಾಯ್ದೆ ಗೊತ್ತಿಲ್ಲ, ಹಂದಿ ಯಾವುದು ನಾಯಿ ಯಾವುದು ಎಂಬುದೂ ಗೊತ್ತಿಲ್ಲ. ಎಳೆದಷ್ಟೂ ಬಿಗಿಯುವುದೊಂದೇ ಅದಕ್ಕೆ ಗೊತ್ತು. ಯಾರು ಹಾಕಿದ್ದೆಂದು ಹುಡುಕಲು ನಮ್ಮವರು ಎರಡು ದಿನ ಓಡಾಡಿದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಆ ಮಾತು ಇಲ್ಲಿಗೇ ಸಾಕು.

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ ಎಂದು ಕೇಳಿದ್ದೆ. ನನ್ನ ಹಳೆಯ ವಾಯಿಲ್ ಸೀರೆಯ ತುಂಡಿನಿಂದ ಅವನ ಮೂತಿ ಕಟ್ಟಿದೆ, ನಮ್ಮವರು ಕಟಿಂಗ್ ಪ್ಲೇಯರಿನಿಂದ ವೈರು ಕತ್ತರಿಸಿದರು. ಕಚ್ಚುವುದಿರಲಿ, ಕೆಂಚ ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಿದ್ದ. ಅದೇ ನನಗೆ ಹೆದರಿಕೆಯಾಗಿದ್ದು. ಗಂಟಿನಿಂದ ಕೆಳಗೆ ಪಾದ ಊದಿಕೊಂಡು ತಣ್ಣಗಿತ್ತು. ಬೆರಳು ಚಿವುಟಿದರೂ ಎಳೆದುಕೊಳ್ಳಲಿಲ್ಲ. ವಾಸನೆಯೂ ಶುರುವಾಗಿತ್ತು.

ನಮ್ಮ ಕಡೆ ಪಶುವೈದ್ಯರನ್ನು ಈಗಲೂ ದನದ ಡಾಕ್ಟರು ಎಂದೇ ಕರೆಯುವುದು. ಬಂದು ನೋಡಿದ ಡಾಕ್ಟರು ಸುತ್ತುಬಳಸಿ ಮಾತಾಡಲಿಲ್ಲ. ರಕ್ತ ಹರಿಯದೆ ಪಾದ ಸತ್ತಿದೆ, ಅದು ಮತ್ತೆ ಬದುಕುವುದಿಲ್ಲ, ನಂಜು ಮೇಲೇರಿದರೆ ನಾಯಿಯೂ ಉಳಿಯುವುದಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ದರೆ ಕಾಲು ತೆಗೆಯುತ್ತಾರೆ. ಇಲ್ಲವಾದರೆ... ಅವರು ಅರ್ಧಕ್ಕೇ ನಿಲ್ಲಿಸಿದ ಮಾತನ್ನು ಅಕ್ಕಪಕ್ಕದವರು ಧಾರಾಳವಾಗಿ ಪೂರ್ತಿ ಮಾಡಿದರು. "ಒಂದು ಸೂಜಿ ಚುಚ್ಚಿಸಿಬಿಡಿ ಅಮ್ಮ, ಪುಣ್ಯ ಬರ್ತದೆ." "ಮೂರು ಕಾಲಿನ ನಾಯಿ ಇಟ್ಕೊಂಡು ಎಂತ ಮಾಡ್ತೀರಿ?" "ಅದಾದ್ರೂ ಎಂಥ ಬದುಕು?"

ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಒಲೆಯ ಪಕ್ಕ ಮಲಗಿದ್ದ. ನಾನು ಒಂದು ಬಟ್ಟಲು ಹಾಲು ಮುಂದಿಟ್ಟೆ. ಮಲಗಿದಲ್ಲಿಂದಲೇ ತಲೆಯೆತ್ತಿ ಬಟ್ಟಲಿನ ತಳ ಕಾಣುವವರೆಗೆ ನೆಕ್ಕಿದ. ನನಗೆ ಅಷ್ಟು ಸಾಕಾಯಿತು.

ಅತ್ತೆ ಮಾತ್ರ ಅಡಿಗೆಮನೆಯಿಂದ ಹೊರಗೆ ಬಂದು, "ಕೊಲ್ಲಿಸಿದರೆ ಕೊಲ್ಲಿಸಿ. ಕಾಲು ಕಡಿಸಬೇಡಿ" ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ. 1978ರಲ್ಲಿ, ತೋಟದಲ್ಲಿ ಮುಳ್ಳು ಚುಚ್ಚಿ ಆದ ಗಾಯ ಮಾಯದೆ ಕೊಳೆತು, ಬಲಗಾಲನ್ನು ಮಂಡಿಯ ಮೇಲೆ ಕತ್ತರಿಸಿದರು. ಆಮೇಲೆ ಮೂರು ವರ್ಷ ಅವರು ಮಂಚದಲ್ಲೇ ಇದ್ದರು. ನಾನು ಈ ಮನೆಗೆ ಬರುವ ಎಷ್ಟೋ ಮೊದಲಿನ ಕಥೆ. ಆದರೆ ಆ ಮಂಚ ಇನ್ನೂ ಇದೆ, ಈಗ ಅದರಲ್ಲಿ ಅತ್ತೆ ಮಲಗುತ್ತಾರೆ.

ನಾನು ನನ್ನ ಮೊಲ ಹಿಡಿದೆ. ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿ, ಮೇಲೆ ಟಾರ್ಪಾಲು ಕಟ್ಟಿ, 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೊರಟೆವು.

ಅಲ್ಲಿದ್ದವರು ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಸತ್ತಿರುವುದು ಪಾದವೊಂದೇ ಅಲ್ಲವೇ, ಅಷ್ಟನ್ನೇ ತೆಗೆದರಾಗದೇ ಎಂದು ಕೇಳಿದೆ. ಮನುಷ್ಯರಿಗಾದರೆ ಎಷ್ಟು ಉಳಿದರೆ ಅಷ್ಟು ಲಾಭ ಎನ್ನುತ್ತಾರೆ, ಕೃತಕ ಕಾಲು ಜೋಡಿಸಬಹುದೆಂದು. ನಾಯಿಗೆ ಹಾಗಲ್ಲವಂತೆ. ಮೋಟು ಉಳಿಸಿದರೆ ಅದು ಅದನ್ನೇ ಊರಲು ನೋಡುತ್ತದೆ, ತಾಗಿಸಿಕೊಂಡು ಹುಣ್ಣು ಮಾಡಿಕೊಳ್ಳುತ್ತದೆ, ಹುಣ್ಣು ಮಾಯುವುದೇ ಇಲ್ಲ. ಅದಕ್ಕೇ ಹೆಗಲಿನ ಹಲಗೆ ಮೂಳೆಯೂ ಸೇರಿ ಇಡೀ ಮುಂಗಾಲನ್ನೇ ತೆಗೆಯುವುದು ರೂಢಿ. ಇನ್ನೊಂದು ಮಾತನ್ನೂ ಆಕೆ ಹೇಳಿದರು. ನಾಯಿಯ ಮುಂಗಾಲು ನಮ್ಮ ತೋಳಿನ ಹಾಗೆ ಮೂಳೆಗೆ ಮೂಳೆ ಕೂಡಿ ಮೈಗೆ ಅಂಟಿಕೊಂಡಿಲ್ಲ. ನಮಗಿರುವಂಥ ಕೊರಳೆಲುಬಿನ ಕೊಂಡಿ ಅದಕ್ಕಿಲ್ಲ; ಬರೀ ಮಾಂಸಖಂಡಗಳ ಜೋಳಿಗೆಯಲ್ಲಿ ಮೈ ತೂಗುತ್ತಿರುತ್ತದೆ. ಹಾಗಾಗಿ ಹೆಗಲಿನಿಂದ ತೆಗೆಯುವಾಗ ಮೂಳೆ ಕೊಯ್ಯುವ ಪ್ರಮೇಯವೇ ಇಲ್ಲ, ಮಾಂಸಖಂಡಗಳನ್ನು ಬಿಡಿಸಿ, ರಕ್ತನಾಳ ಕಟ್ಟಿ, ಹೊಲಿಯುವುದು.

"ಹಾಗಾದರೆ ಗರಗಸ ಹಾಕುವುದಿಲ್ಲವೇ?" ಎಂದೆ.

"ಇಲ್ಲ ಅಮ್ಮ."

ಹೊರಗೆ ಬಂದು ಮೊದಲು ಮನೆಗೆ ಫೋನ್ ಮಾಡಿ ಅತ್ತೆಗೆ ಅದನ್ನೇ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಊಟ ಆಯ್ತಾ ನಿಂದು?" ಎಂದರು.

ರಕ್ತ ಪರೀಕ್ಷೆ, ಎಕ್ಸ್‌ರೇ, ರಾತ್ರಿಯಿಡೀ ಉಪವಾಸ, ಮರುದಿನ ಬೆಳಗ್ಗೆ ಆಪರೇಷನ್. ಎರಡು ಗಂಟೆ ಹಿಡಿಯಿತು. ಎಚ್ಚರವಾಗುವಾಗ ಕೆಂಚ ಊಳಿಟ್ಟ ರೀತಿಯನ್ನು ಇಲ್ಲಿ ಬರೆಯಲಾರೆ. ಅದು ನೋವಲ್ಲ, ಮತ್ತು ಇಳಿಯುವಾಗಿನ ಗಲಿಬಿಲಿ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಆಪರೇಷನ್ನಿಗೆ ಒಪ್ಪಿ ಸಹಿ ಹಾಕಿದ ಕೈಗೆ ಸಮಾಧಾನ ಬೇಗ ಬರುವುದಿಲ್ಲ. ಆದರೆ ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಅವನು ನಿಂತಿದ್ದ! ಅರ್ಧ ಮೈ ಬೋಳಾಗಿ, ಎದೆಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು, ಮೂರು ಕಾಲನ್ನು ಕ್ಯಾಮೆರಾದ ಸ್ಟ್ಯಾಂಡಿನ ಹಾಗೆ ಅಗಲಿಸಿ ನಿಂತು ಬಾಲ ಅಲ್ಲಾಡಿಸಿದ. ಅಲ್ಲಾಡಿಸಿದ ರಭಸಕ್ಕೆ ತೂಕ ತಪ್ಪಿ ಬಿದ್ದ. ಬಿದ್ದಲ್ಲಿಂದಲೇ ಮತ್ತೆ ಅಲ್ಲಾಡಿಸಿದ.

ಬರುವ ಮೊದಲು ಡಾಕ್ಟರಮ್ಮ ಒಂದು ಕಾಗದದ ಎರಡೂ ಮಗ್ಗುಲಿಗೆ ಬರೆದುಕೊಟ್ಟರು. ಬಾಣಂತಿಗೂ ಇಷ್ಟು ಪಥ್ಯ ಹೇಳಿದ್ದಿಲ್ಲ. ಅದರಲ್ಲಿ ಮೊದಲಿನದೇ ನಮ್ಮ ಮನೆಯ ನೆಲದ ಮೇಲೆ. ನಾಯಿ ತನ್ನ ಮೈಭಾರದಲ್ಲಿ ನೂರಕ್ಕೆ 60 ಪಾಲಿನಷ್ಟನ್ನು ಮುಂಗಾಲುಗಳ ಮೇಲೇ ಹೊರುತ್ತದಂತೆ. ಹಿಂಗಾಲು ಹೋದ ನಾಯಿಗಿಂತ ಮುಂಗಾಲು ಹೋದ ನಾಯಿಗೆ ಕಷ್ಟ ಹೆಚ್ಚು. ಇಷ್ಟು ದಿನ ಎರಡು ಕಾಲು ಹೊತ್ತದ್ದನ್ನು ಇನ್ನು ಒಂದೇ ಕಾಲು ಹೊರಬೇಕು, ಆ ಕಾಲು ಜಾರಿದರೆ ಮೂತಿ ನೆಲಕ್ಕೆ. ನಮ್ಮದೋ ಕೆಂಪು ಗಾರೆಯ ನೆಲ, ಅತ್ತೆ ಐವತ್ತು ವರ್ಷ ಎಣ್ಣೆ ಹಚ್ಚಿ ಒರೆಸಿ ಕನ್ನಡಿ ಮಾಡಿಟ್ಟದ್ದು. ಅದರ ಮೇಲೆ ಗೋಣಿತಾಟು ಹಾಸಬೇಕಾಯಿತು. ಗೋಣಿತಾಟು ಜಾರದ ಹಾಗೆ ಅಂಚಿಗೆ ಹಲಗೆ ಇಟ್ಟೆವು. ಜಗಲಿಯಿಂದ ಅಡಿಗೆಮನೆಯ ಬಾಗಿಲವರೆಗೆ ನಮ್ಮ ಮನೆ ಅಡಿಕೆ ಮಂಡಿಯ ಹಾಗೆ ಕಾಣತೊಡಗಿತು. ಅಂಗಳದ ಪಾಚಿಯ ಮೇಲೆ ನಮ್ಮವರು ಅಡಿಕೆ ಸೋಗೆ ಹಾಸಿದರು. ಮಳೆಗಾಲದಲ್ಲಿ ಮನುಷ್ಯರಿಗೆಂದು ಹೇಗೂ ಹಾಸುವುದೇ. ಈ ಬಾರಿ ಎರಡು ಪದರ.

ಒಳಗೆ ಬರಕೂಡದೆಂಬ ಕರಾರು? ಬ್ಯಾಂಡೇಜು ನೆನೆಯಬಾರದು, ಹೊರಗೆ ಜಡಿಮಳೆ. ಅತ್ತೆ ಏನೂ ಹೇಳಲಿಲ್ಲ. ತಮ್ಮ ಮಂಚದ ಕಾಲುಗಡೆ ಒಂದು ಹಳೆಯ ಕೌದಿ ಮಡಚಿ ಹಾಕಿದರು, ಅಷ್ಟೆ.

ಊಟದ ಬಟ್ಟಲು ನೆಲದಲ್ಲಿದ್ದರೆ ಬಗ್ಗುವಾಗ ಮುಗ್ಗರಿಸುತ್ತಾನೆ, ಎದೆಯ ಮಟ್ಟಕ್ಕೆ ಎತ್ತರಿಸಿ ಎಂದಿತ್ತು ಕಾಗದದಲ್ಲಿ. ಮಣೆಯ ಮೇಲೆ ಮಣೆ ಇಟ್ಟು ಅದರ ಮೇಲೆ ಬಟ್ಟಲು. ಮದುಮಗನಿಗೆ ಬಡಿಸಿದ ಹಾಗೆ. ಗಾಯ ಮಾಯಲು ಸಸಾರಜನಕ ಬೇಕು, ದಿನಕ್ಕೆರಡು ಮೊಟ್ಟೆ ಕೊಡಿ ಎಂದೂ ಇತ್ತು. ಇದು ಗೋಣಿತಾಟಿನಷ್ಟು ಸುಲಭದ್ದಾಗಿರಲಿಲ್ಲ. ನಮ್ಮದು ಈರುಳ್ಳಿಯನ್ನೂ ಹಬ್ಬದ ದಿನ ಒಳಗೆ ಬಿಡದ ಮನೆ. ಕೊನೆಗೆ ಬಚ್ಚಲೊಲೆಯ ಮೇಲೆ ಒಂದು ತೂತು ತಂಬಿಗೆಗೆ ಬೆಸುಗೆ ಹಾಕಿಸಿ ಮೊಟ್ಟೆ ಬೇಯಿಸತೊಡಗಿದೆ. ಈರುಳ್ಳಿಯ ಮಟ್ಟಿಗೆ ಮಾತ್ರ ಡಾಕ್ಟರಮ್ಮನೂ ಅತ್ತೆಯ ಪಕ್ಷ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೇಡು, ಸಾಂಬಾರು ಕಲಸಿದ ಅನ್ನ ಹಾಕಬೇಡಿ ಎಂದಿದ್ದರು. "ನೋಡು, ಓದಿದವರೂ ಅದನ್ನೇ ಹೇಳ್ತಾರೆ" ಎಂದು ಅತ್ತೆ ಒಂದು ವಾರ ಬೀಗಿದರು.

ಹೊಲಿಗೆ ನೆಕ್ಕದಂತೆ ಕೊರಳಿಗೆ ಕೊಳವೆ ಕಟ್ಟಬೇಕು. ಆಸ್ಪತ್ರೆಯಲ್ಲಿ ಕೊಟ್ಟ ಪ್ಲಾಸ್ಟಿಕ್ಕಿನದು ಮೊದಲ ದಿನವೇ ಬಾಗಿಲಿಗೆ ತಾಗಿ ಸೀಳಿತು. ನಮ್ಮವರು ಪೇಂಟಿನ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಸೈಕಲ್ ಟ್ಯೂಬು ಹೊಲಿದು ಇನ್ನೊಂದು ಮಾಡಿದರು. ಗಾಯದ ಮೇಲೆ ನೊಣ ಕೂರದಂತೆ ಅವರದೇ ಬನಿಯನ್ನು. ಬಕೆಟ್ಟು, ಬನಿಯನ್ನು ತೊಟ್ಟು ಕೆಂಚ ಬಾಗಿಲಲ್ಲಿ ನಿಂತರೆ ಪೋಸ್ಟಿನವನು ಗೇಟಿನಲ್ಲೇ ಕಾಗದ ಇಟ್ಟು ಹೋಗುತ್ತಿದ್ದ.

ನಗುವ ವಿಷಯ ಇಷ್ಟೇ. ಉಳಿದದ್ದು ನಗುವಂಥದ್ದಾಗಿರಲಿಲ್ಲ. ಮೊದಲ ದಿನ ಪೂರ್ತಿ ಅವನು ಮೂತ್ರ ಮಾಡಲಿಲ್ಲ. ಗಂಡುನಾಯಿ ಕಾಲೆತ್ತಿಯೇ ಮಾಡಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ, ಎತ್ತಲು ನೋಡುತ್ತಾನೆ, ಎತ್ತಿದರೆ ಉಳಿಯುವುದು ಎರಡೇ ಕಾಲು, ಬೀಳುತ್ತಾನೆ. ನನ್ನ ಮುಖ ನೋಡುತ್ತಾನೆ. ಸಂಜೆ ಮಳೆಯಲ್ಲಿ ಕೊಡೆ ಹಿಡಿದು ನಿಂತೇ ಇದ್ದೆ. ಕತ್ತಲಾದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೋ ಏನೋ, ಮರಿಯಾಗಿದ್ದಾಗಿನ ಹಾಗೆ ಹಿಂಗಾಲು ಕುಕ್ಕರಿಸಿ ಮಾಡಿದ. ಮಲವಿಸರ್ಜನೆಗೆ ನಾಲ್ಕು ದಿನ ಹಿಡಿಯಿತು. ಅರಿವಳಿಕೆ ಮತ್ತು ನೋವಿನ ಔಷಧಿಯಿಂದ ಹಾಗಾಗುತ್ತದೆ, ಗಾಬರಿ ಬೇಡವೆಂದು ಮೊದಲೇ ಹೇಳಿದ್ದರು. ಆದರೂ ಅತ್ತೆ ಸಿಹಿಗುಂಬಳ ಬೇಯಿಸಿ, ಉಪ್ಪು ಹಾಕದೆ, ಮೊಸರನ್ನಕ್ಕೆ ಕಲಸಿ ಕೊಟ್ಟರು. ಐದು ಮಕ್ಕಳನ್ನು ಬೆಳೆಸಿದವರ ವೈದ್ಯ ಅದು. ನಡೆಯಿತು.

ಏಳಿಸುವುದಕ್ಕೆ ಮೊದಲೆರಡು ದಿನ ಹಳೆಯ ಪಂಚೆಯನ್ನು ಅವನ ಎದೆಯ ಕೆಳಗೆ, ಗಾಯಕ್ಕೆ ತಾಗದಂತೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿದುಕೊಳ್ಳುತ್ತಿದ್ದೆವು. ಡಾಕ್ಟರಮ್ಮ ಅದಕ್ಕೂ ಗಡುವು ಹಾಕಿದ್ದರು. ಮೂರನೆಯ ದಿನದಿಂದ ಪಂಚೆ ಸಡಿಲ ಬಿಡಿ, ಆಮೇಲೆ ತೆಗೆಯಿರಿ, ಬಿದ್ದರೆ ಓಡಿಹೋಗಿ ಎತ್ತಬೇಡಿ, ಹತ್ತು ಎಣಿಸಿ. ಅಷ್ಟರಲ್ಲಿ ಏಳದಿದ್ದರೆ ಹೋಗಿ.

ಓದುವಾಗ ಸುಲಭ. ಎಣಿಸಿ ನೋಡಬೇಕು. ಮೂರನೆಯ ದಿನ ಮಧ್ಯಾಹ್ನ ಕೆಂಚ ಜಗಲಿ ದಾಟಿ ನಡುಮನೆಗೆ ಬಂದ. ಕುಪ್ಪಳಿಸುವಾಗ ಒಂದೇ ಮುಂಗಾಲು ಮಧ್ಯಕ್ಕೆ ಬರಬೇಕು, ಅದಿನ್ನೂ ಬಲಗಡೆಯ ತನ್ನ ಹಳೆಯ ಜಾಗದಲ್ಲೇ ಊರುತ್ತಿತ್ತು. ಎಡಕ್ಕೆ ವಾಲಿ ಗದ್ದ ನೆಲಕ್ಕೆ ಬಡಿಯುವ ಹಾಗೆ ಬಿದ್ದ. ಬಕೆಟ್ಟು ಗಡಗಡ ಸದ್ದು ಮಾಡಿತು. ನಾನು ಒಂದು, ಎರಡು ಎಂದು ಎಣಿಸತೊಡಗಿದೆ. ಮಂಚದ ಮೇಲೆ ಅತ್ತೆ ಎದ್ದು ಕೂತಿದ್ದರು. ಐದು. ಆರು. ಅವನು ಹಿಂಗಾಲಿನಲ್ಲಿ ನೆಲ ಒದೆಯುತ್ತಿದ್ದ. ಏಳು. "ಎತ್ತೇ!" ಎಂದರು ಅತ್ತೆ. ನಾನು ಎಂಟು ಎಂದೆ. ಒಂಬತ್ತಕ್ಕೆ ಅವನು ಗೋಣಿತಾಟಿಗೆ ಉಗುರು ಊರಿ ಎದ್ದು ನಿಂತ. ಕಾಲು ಥರಥರ ನಡುಗುತ್ತಿತ್ತು, ಆದರೆ ಈ ಸಲ ಅದು ಎದೆಯ ನಡುಮಧ್ಯದಲ್ಲಿತ್ತು. ಯಾರು ಹೇಳಿಕೊಟ್ಟರೋ!

ಅತ್ತೆ ಬಹಳ ಹೊತ್ತಿನ ಮೇಲೆ ಮಾತಾಡಿದರು. "ಒಂದು ದಿನ ಅವರು ಗೋಡೆ ಹಿಡ್ಕೊಂಡು ಎದ್ದಿದ್ರು. ಇಲ್ಲೇ, ಆ ಕಂಬದ ಹತ್ರ. ನಾನು ಓಡಿ ಬಂದು ಕೂರಿಸಿದೆ. ಬಿದ್ದುಬಿಡ್ತಾರೆ ಅಂತ."

ನಾನೇನು ಹೇಳಲಿ? ಆ ಕಾಲದಲ್ಲಿ ಹೇಳುವವರು ಯಾರಿದ್ದರು? ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ. ಕೆ. ಸೇಠಿ ಸೇರಿ 1968ರಲ್ಲೇ ರಬ್ಬರಿನ ಪಾದ ಮಾಡಿದ್ದರು, ನೆಲದ ಮೇಲೆ ಕುಕ್ಕರು ಕೂರುವ, ಗದ್ದೆಯಲ್ಲಿ ನಡೆಯುವ ನಮ್ಮ ಜನಕ್ಕೆ ಹೊಂದುವಂಥದ್ದು. ಆ ಸುದ್ದಿ ಮಲೆನಾಡಿನ ಮೂಲೆಯ ಈ ಮನೆಗೆ ಬಂದಿರಲಿಲ್ಲ. ಬಸ್ಸಿನ ಅಪಘಾತದಲ್ಲಿ 1981ರಲ್ಲಿ ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಜೈಪುರ ಪಾದ ಕಟ್ಟಿಕೊಂಡು ಮತ್ತೆ ರಂಗಕ್ಕೆ ಬಂದು, ಅವರ ಕಥೆಯೇ 1985ರಲ್ಲಿ ತೆಲುಗಿನಲ್ಲಿ 'ಮಯೂರಿ' ಎಂಬ ಸಿನಿಮಾ ಆಯಿತು. ಆ ಚಿತ್ರ ನೋಡಿ ಬಂದ ರಾತ್ರಿ ಅತ್ತೆ ಊಟ ಮಾಡಲಿಲ್ಲವೆಂದು ನಮ್ಮವರು ಒಮ್ಮೆ ಹೇಳಿದ್ದರು. ಮಾವ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು.

ಆರನೆಯ ದಿನ ಕೆಂಚ ಊಟ ಬಿಟ್ಟ. ಗೋಡೆಗೆ ಮುಖ ಮಾಡಿ ಕೂತ. ಮಲಗಲೊಲ್ಲ, ಕಿವಿ ಹಿಂದಕ್ಕೆ ಮಡಚಿ ಏದುಸಿರು ಬಿಡುತ್ತಾನೆ. ನೋಡಲು ಬಂದವರೆಲ್ಲ ಒಂದೇ ಮಾತು: "ಕಾಲು ಹೋಯ್ತಲ್ಲ, ಮನಸ್ಸಿಗೆ ಹಚ್ಕೊಂಡಿದೆ ಪಾಪ." ನಮ್ಮವರೂ ಮಂಕಾದರು. ಫೋನ್ ಮಾಡಿದೆ. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅದು ದುಃಖ ಅಲ್ಲ ಅಮ್ಮ, ನೋವು" ಎಂದರು. ಐದು ದಿನಕ್ಕೆಂದು ಕೊಟ್ಟ ಮೆಲಾಕ್ಸಿಕಾಮ್ ಹನಿ ಹಿಂದಿನ ದಿನವಷ್ಟೇ ಮುಗಿದಿತ್ತು. ಅದನ್ನು ಮುಂದುವರಿಸಿ, ನರದ ನೋವಿಗೆ ಇನ್ನೊಂದು ಮಾತ್ರೆ ಸೇರಿಸಿದರು. ರಾತ್ರಿಯ ಹೊತ್ತಿಗೆ ಕೆಂಚ ಮೊಟ್ಟೆಗಾಗಿ ಬಚ್ಚಲ ಬಾಗಿಲಲ್ಲಿ ಹಾಜರು. ನಾಯಿಗೆ ದುಃಖವಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ದುಃಖವೆಂದು ನಾವು ಮರುಗುತ್ತ ಕೂತಿದ್ದರೆ ಅವನು ನೋವಿನಲ್ಲೇ ಇರುತ್ತಿದ್ದ.

ಮಾತ್ರೆಯ ವಿಷಯದಲ್ಲಿ ಇನ್ನೊಂದು. ಮೆಡಿಕಲ್ ಶಾಪಿನಲ್ಲಿ ನಮಗೆ ತಲೆನೋವು, ಮೈಕೈನೋವಿಗೆ ಕೊಡುವ ಗುಳಿಗೆಯನ್ನೇ ಅರ್ಧ ಮಾಡಿ ನಾಯಿಗೂ ಹಾಕಿ ಎಂದು ಸಲಹೆ ಕೊಡುವವರು ಬಹಳ. ಖಂಡಿತ ಕೂಡದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ನಮಗೆ ಒಗ್ಗಿದ್ದು ಎಲ್ಲ ಜೀವಕ್ಕೂ ಒಗ್ಗಬೇಕೆಂದಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳ ಸಂತಾನವನ್ನೇ ದೇಶದಲ್ಲಿ ಬರಿದು ಮಾಡಿ, 2006ರಲ್ಲಿ ಸರಕಾರ ಅದನ್ನು ಪಶುಗಳಿಗೆ ನಿಷೇಧಿಸಬೇಕಾಯಿತಲ್ಲ!

ಹೊಲಿಗೆಯ ಸುತ್ತ ಚರ್ಮ ನೇರಳೆಯಾಗಿ, ಆಮೇಲೆ ಹಸಿರಾಗಿ, ಕೆಳಗೆ ನಿಂಬೆಹಣ್ಣಿನಷ್ಟು ನೀರು ತುಂಬಿ ಜೋತುಬಿದ್ದಾಗ ಫೋಟೊ ತೆಗೆದು ಕಳಿಸಿದೆವು. ಬಿಸಿಯಿಲ್ಲ, ಕೀವಿಲ್ಲ, ತಾನೇ ಇಂಗುತ್ತದೆ ಎಂದರು. ಇಂಗಿತು. ಹದಿಮೂರನೆಯ ದಿನ ಹೊಲಿಗೆ ಬಿಚ್ಚಿಸಿ ಬಂದೆವು. ಬಕೆಟ್ಟಿಗೆ ವಿದಾಯ. ಅದರಲ್ಲಿ ಈಗ ಕರಿಬೇವಿನ ಗಿಡವಿದೆ.

ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, ಒಂದು ರಾತ್ರಿ ನಿದ್ದೆಯಲ್ಲಿದ್ದ ಕೆಂಚ ಕಿರುಚಿ ಎದ್ದ. ಎದ್ದು, ಕಾಲಿಲ್ಲದ ಜಾಗವನ್ನು ತಿರುಗಿ ತಿರುಗಿ ನೋಡಿದ, ಅಲ್ಲಿ ಏನೋ ಕಚ್ಚಿದ ಹಾಗೆ. ದೀಪ ಹಾಕಿ ಗಾಯ ನೋಡಿದರೆ ಚೆನ್ನಾಗಿ ಒಣಗಿದೆ. ಎರಡು ಮೂರು ರಾತ್ರಿ ಹೀಗೇ ಆಯಿತು. ಕತ್ತರಿಸಿದ ನರದ ತುದಿಗಳು ಇನ್ನೂ ಮಿದುಳಿಗೆ ಸುದ್ದಿ ಕಳಿಸುತ್ತಿರುತ್ತವೆ, ಮಿದುಳು ಕಾಲು ಇದೆಯೆಂದೇ ತಿಳಿಯುತ್ತದೆ, ಮನುಷ್ಯರಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ, ನಾಯಿಗೂ ಆಗುತ್ತಿರಬಹುದು ಎಂದರು ಡಾಕ್ಟರಮ್ಮ. ಹದಿನಾರನೆಯ ಶತಮಾನದಲ್ಲೇ ಆಂಬ್ರೋಯಿಸ್ ಪಾರೆ ಎಂಬ ಫ್ರಾನ್ಸಿನ ಸೇನಾವೈದ್ಯ, ಕಾಲು ತೆಗೆಸಿಕೊಂಡ ಸೈನಿಕರು ಇಲ್ಲದ ಕಾಲು ನೋಯುತ್ತದೆಂದು ಅಳುವುದನ್ನು ಬರೆದಿಟ್ಟಿದ್ದಾನೆ. ಅದು ಸುಳ್ಳಲ್ಲ, ಹುಚ್ಚಲ್ಲ, ನಿಜವಾದ ನೋವು.

ಫೋನ್ ಇಟ್ಟು ಇದನ್ನು ಹೇಳುತ್ತಿದ್ದಾಗ ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತು.

"ಹೆಬ್ಬೆರಳು ತುರಿಸ್ತದೆ ಅಂತಿದ್ರು" ಎಂದರು. "ಇಲ್ಲದ ಕಾಲಿನ ಹೆಬ್ಬೆರಳು. ರಾತ್ರಿ ಎಬ್ಬಿಸಿ, ಸ್ವಲ್ಪ ತುರಿಸೇ ಅಂತಿದ್ರು. ಅವರಿಗೆ ಭ್ರಮೆ ಅಂತ ಎಲ್ಲರೂ ಹೇಳಿದ್ರು. ತಾಯಿತ ಕಟ್ಸಿದ್ರು."

"ನೀವೇನು ಮಾಡ್ತಿದ್ರಿ ಅತ್ತೆ?"

"ಎಂತ ಮಾಡೂದು? ಹಾಸಿಗೆ ತುರಿಸ್ತಿದ್ದೆ. ಬೆರಳು ಇರಬೇಕಾದ ಜಾಗ ಅಂದಾಜು ಮಾಡ್ಕೊಂಡು." ಮತ್ತೆ ಬತ್ತಿ ಹೊಸೆಯತೊಡಗಿದರು. ಸ್ವಲ್ಪ ತಡೆದು, "ಹಿತ ಆಯ್ತು ಅಂತಿದ್ರು ಮಾರಾಯ್ತಿ" ಎಂದರು.

ಆ ರಾತ್ರಿಯಿಂದ ಕೆಂಚ ಕಿರುಚಿದಾಗ ನಾನು ಏಳಬೇಕಾಗಿ ಬರಲಿಲ್ಲ. ನಾನು ದೀಪ ಹಾಕುವಷ್ಟರಲ್ಲಿ ಎಂಬತ್ತರ ಅತ್ತೆ ಮಂಚದಿಂದ ಕೈ ಇಳಿಬಿಟ್ಟು, ಹೊಲಿಗೆಯ ಗುರುತಿನ ಸುತ್ತ ಮೆತ್ತಗೆ ನೀವುತ್ತಿರುತ್ತಿದ್ದರು. ಒಂದು ತಿಂಗಳಲ್ಲಿ ಕಿರುಚುವುದು ನಿಂತಿತು. ಔಷಧಿಯಿಂದಲೋ, ನೀವಿದ್ದರಿಂದಲೋ. ಡಾಕ್ಟರಮ್ಮನನ್ನು ಕೇಳಿದರೆ ಎರಡೂ ಎಂದಾರು, ಕೇಳಲಿಲ್ಲ.

ಮೆಟ್ಟಿಲು ಹತ್ತುವುದು ಅವನಿಗೆ ಬೇಗ ಬಂತು, ಇಳಿಯುವುದು ನಿಧಾನ. ಇಳಿಯುವಾಗ ಇಡೀ ಮೈ ಆ ಒಂದು ಕಾಲಿನ ಮೇಲೆ ಬರುತ್ತದೆ. ನಮ್ಮವರು ಹಿತ್ತಿಲ ಮೆಟ್ಟಿಲ ಪಕ್ಕ ಅಡಿಕೆ ದಬ್ಬೆಯ ಇಳಿಜಾರು ಮಾಡಿ, ಅಡ್ಡಕ್ಕೆ ಪಟ್ಟಿ ಹೊಡೆದರು. ದೀಪಾವಳಿಯ ಹೊತ್ತಿಗೆ ಅವನು ಕಾಲೆತ್ತುವ ಸಮಸ್ಯೆಯನ್ನೂ ಬಗೆಹರಿಸಿಕೊಂಡಿದ್ದ. ಅಡಿಕೆ ಮರಕ್ಕೆ ಎಡಗಡೆಯ ಮೈ ಒರಗಿಸಿ ನಿಲ್ಲುತ್ತಾನೆ, ಮರದ ಆಸರೆಯಲ್ಲಿ ಬಲಗಾಲು ಎತ್ತುತ್ತಾನೆ. ಮರಕ್ಕೆ ಬೀಳಬೇಕಾದದ್ದು ಎದುರು ಬಾಳೆಗೆ ಬೀಳುತ್ತದೆ. ಬಾಳೆ ಚೆನ್ನಾಗಿ ಬಂದಿದೆ. ಮಂಗ ಓಡಿಸುವ ಕೆಲಸಕ್ಕೂ ಮರಳಿದ. ಮೊದಲಿನ ಓಟವಿಲ್ಲ, ಬೇಗ ದಣಿಯುತ್ತಾನೆ, ಅದಕ್ಕೆ ಬೊಗಳುವುದನ್ನು ಹೆಚ್ಚು ಮಾಡಿಕೊಂಡಿದ್ದಾನೆ. ನೆಲ ಕೆದರಿ ಎಲುಬು ಹೂಳಲು ಮಾತ್ರ ಆಗುವುದಿಲ್ಲ. ಒಂದೇ ಕೈಯಲ್ಲಿ ಕೆದರಲು ಹೋಗಿ ಮುಗ್ಗರಿಸುತ್ತಾನೆ, ಎದ್ದು ಸುತ್ತಮುತ್ತ ನೋಡುತ್ತಾನೆ, ಎಲುಬನ್ನು ಸೋಗೆಯ ಕೆಳಗೆ ತಳ್ಳಿ ಬರುತ್ತಾನೆ.

ಮರುವರ್ಷ ಫೆಬ್ರವರಿಯಲ್ಲಿ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೂ, ಕಾಲು ತೋರಿಸುವುದಕ್ಕೂ ಶಿವಮೊಗ್ಗಕ್ಕೆ ಹೊರಟಾಗ ಅತ್ತೆ ಜರಿಸೀರೆ ಉಟ್ಟುಕೊಂಡು ಕಾರಿನ ಹತ್ತಿರ ನಿಂತಿದ್ದರು. ಗರಗಸ ಹಾಕದ ಡಾಕ್ಟರನ್ನು ನೋಡಬೇಕಂತೆ. ಡಾಕ್ಟರಮ್ಮ ಕೆಂಚನ ಪಾದ ಹಿಚುಕಿ, ಕೀಲು ಮಡಚಿ, ಉಗುರು ನೋಡಿ ಎಲ್ಲ ಸರಿಯಿದೆ ಎಂದರು. ಆಮೇಲೆ ತಕ್ಕಡಿಯ ಮೇಲೆ ನಿಲ್ಲಿಸಿದರು. ಆಪರೇಷನ್ನಿಗೆ ಮುಂಚೆ ನಾಲ್ಕು ಕಾಲೂ ಸೇರಿ 18 ಕಿಲೋ ಇದ್ದವನು ಮೂರು ಕಾಲಿನಲ್ಲಿ ಇಪ್ಪತ್ತೂವರೆ! ಒಂಟಿ ಮುಂಗಾಲಿನ ಕೀಲು ಬೇಗ ಸವೆಯುತ್ತದೆ, ಇವನ ಆಯುಸ್ಸು ಇವನ ಹೊಟ್ಟೆಯ ಮೇಲಿದೆ, ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು, ಮೂರು ಕಿಲೋ ಇಳಿಸಲೇಬೇಕು ಎಂದು ಗದರಿದರು. "ಮನೆಯಲ್ಲಿ ಯಾರು ಇವನಿಗೆ ಎಕ್ಸ್‌ಟ್ರಾ ಹಾಕುವುದು?"

ನಮ್ಮವರು ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಫ್ಯಾನು ನೋಡುತ್ತಿದ್ದರು.

"ನಿಮ್ಮ ತಕ್ಕಡಿ ಸರಿ ಇಲ್ಲ" ಎಂದರು ಕೊನೆಗೆ.

ಹಿಂತಿರುಗುವಾಗ ಆಯನೂರು ದಾಟುತ್ತಿದ್ದ ಹಾಗೆ ಹಿಂದಿನ ಸೀಟಿನಿಂದ ಪ್ಲಾಸ್ಟಿಕ್ ಚೀಲದ ಸರಸರ ಕೇಳಿಸಿತು. ಬೆಳಗಿನ ದೋಸೆ. ನಾನು ತಿರುಗಿ ನೋಡಿದೆ. ಅತ್ತೆ ದೋಸೆಯನ್ನು ಎರಡು ಮಾಡಿ, ಅರ್ಧವನ್ನು ನನಗೆ ಕಾಣುವ ಹಾಗೆ ಮತ್ತೆ ಚೀಲಕ್ಕೆ ಹಾಕಿ ಗಂಟು ಕಟ್ಟಿದರು.